ಶೃಂಗೇರಿ ಸೀಮೆಯ ಪುರಾತತ್ತ್ವ ರೇಖಾಚಿತ್ರಗಳು ಮತ್ತು ಅವುಗಳ ಪ್ರತೀಕರಣ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳ ಇತಿಹಾಸ ರಚನೆಗೆ ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಮುಖ್ಯ ಆಕರವಾಗಿದೆ. ಹರಿಹರ ಮತ್ತು ಅವನ ಸಹೋದರರ ಶೃಂಗೇರಿಯ 1346ರ ದಾನಶಾಸನ ಇದರಲ್ಲಿದೆ. ಅನಂತರ ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಮೊದಲಾದವರ ಕಾಲದಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ದೇವಾಲಯಗಳ ತಲವಿನ್ಯಾಸಗಳನ್ನೂ ಛಾಯಾಚಿತ್ರಗಳನ್ನೂ ನಾಡಿಗೆ ನೀಡಿದವು.

2000ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡ ಭಾರತೀಯ ಡಿಜಿಟಲ್ ಗ್ರಂಥಾಲಯ ಯೋಜನೆ ಹಳೆಯ ಗ್ರಂಥಗಳನ್ನು ಹೆಚ್ಚಾಗಿ ಕೇವಲ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿತು. ಅಚ್ಚಿನ ಅಕ್ಷರಕ್ಕೆ ಇದು ಸಾಲುತ್ತದೆ. ಆದರೆ ಈ ಕ್ರಮದಲ್ಲಿ ಛಾಯಾಚಿತ್ರಗಳು ಕಪ್ಪು ಕಲೆಗಳಾಗುತ್ತವೆ. ಸೂಕ್ಷ್ಮ ರೇಖೆಗಳು ಮಾಯವಾಗುತ್ತವೆ.

ಇದಕ್ಕೆ ಕಾರಣ ಸ್ಪಷ್ಟ. ಯಂತ್ರವು ಪ್ರತಿ ಬಿಂದುವಿನ ಛಾಯೆಯನ್ನು 0ರಿಂದ 255ರವರೆಗೆ ಅಳೆದು, ನಿಗದಿತ ಮಿತಿಗಿಂತ ಕಡಿಮೆಯಾದುದನ್ನು ಕಪ್ಪೆಂದೂ ಹೆಚ್ಚಾದುದನ್ನು ಬಿಳಿಯೆಂದೂ ಎಣಿಸುತ್ತದೆ. ಮಿತಿ ತಗ್ಗಿದರೆ ಮಾಸಿದ ರೇಖೆ ಅಳಿಯುತ್ತದೆ. ಏರಿದರೆ ಮಲೆನಾಡಿನ ತೇವದಿಂದ ಹಳದಿಗಟ್ಟಿದ ಕಾಗದದ ಕಲೆಯೂ ರೇಖೆಯಾಗುತ್ತದೆ. 0.1 ಮಿಲಿಮೀಟರ್ ದಪ್ಪದ ಗೆರೆಗೆ 300 ಡಿಪಿಐನಲ್ಲಿ ಸುಮಾರು ಒಂದು ಬಿಂದು, 600 ಡಿಪಿಐನಲ್ಲಿ ಎರಡಕ್ಕೂ ಹೆಚ್ಚು ಬಿಂದುಗಳು ದೊರೆಯುತ್ತವೆ.

ಇದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ವೈಶಿಷ್ಟ್ಯವಿರುವುದೇ ಅದರ ಬಾಗಿದ ಹೊರರೇಖೆಯಲ್ಲಿ ಮತ್ತು ರಾಶಿಚಿಹ್ನೆಗಳುಳ್ಳ ಹನ್ನೆರಡು ಕಂಬಗಳ ವಿನ್ಯಾಸದಲ್ಲಿ. ನಕ್ಷೆಯ ಕೋನಗಳು ಮಸುಕಾದರೆ ವಾಸ್ತುಶೈಲಿಯ ವಿವೇಚನೆಯೇ ದಾರಿ ತಪ್ಪುತ್ತದೆ. ಶಾಸನದ ಅಚ್ಚುಪ್ರತಿಯಲ್ಲಿ ಅನುಸ್ವಾರದ ಬಿಂದುವಿಗೂ ಕಲ್ಲಿನ ಕುಳಿಗೂ ಇರುವ ಛಾಯಾಭೇದ ಅಳಿದರೆ ಪಾಠವೇ ಬದಲಾಗಬಹುದು.

ಆದುದರಿಂದ ನಕ್ಷೆಗಳನ್ನು ಮೊದಲು 600 ಡಿಪಿಐ, 8 ಬಿಟ್ ಬೂದುಛಾಯೆಯಲ್ಲಿ, ಮಾಪನಪಟ್ಟಿಯೊಡನೆ ಸ್ಕ್ಯಾನ್ ಮಾಡಿ ಟಿಫ್ ರೂಪದಲ್ಲಿ ಮೂಲಪ್ರತಿಯಾಗಿ ಕಾಯ್ದಿಡುವುದು ಉಚಿತ. ಜೆಪೆಗ್ ಸಂಕೋಚನದಿಂದ ಗೆರೆಯ ಅಂಚಿನಲ್ಲಿ ಮಬ್ಬು ಕವಿಯುತ್ತದೆ. ಕಪ್ಪು-ಬಿಳುಪಿನ ಪ್ರತಿಯನ್ನು ಅನಂತರವೇ, ಪುಟದ ಭಾಗಕ್ಕನುಗುಣವಾಗಿ ಮಿತಿಯನ್ನು ಹೊಂದಿಸಿ ಸಿದ್ಧಪಡಿಸಬೇಕು. ಬೂದುಛಾಯೆಯಿಂದ ಕಪ್ಪು-ಬಿಳುಪನ್ನು ಎಷ್ಟು ಸಲವಾದರೂ ಪಡೆಯಬಹುದು. ಕಪ್ಪು-ಬಿಳುಪಿನಿಂದ ಕಳೆದ ಛಾಯೆಯನ್ನು ಮರಳಿ ಪಡೆಯಲಾಗದು.

ಸೂಚಿಯಲ್ಲಿ ಸ್ಥಳನಾಮಗಳ ಹಳೆಯ ರೂಪಗಳೂ ಇರಬೇಕು. ನರಸಿಂಹರಾಜಪುರ ರೈಸ್ ಅವರ ಕಾಲದಲ್ಲಿ ಎಡೇಹಳ್ಳಿಯಾಗಿತ್ತು. ರೇಖೆ ಸ್ಪಷ್ಟವಾಗಿದ್ದರೂ ಹೆಸರು ಸಿಗದಿದ್ದರೆ ಆ ನಕ್ಷೆ ಸಂಶೋಧಕನ ಪಾಲಿಗೆ ಇಲ್ಲದಂತೆಯೇ.