ಗಿರಿರಾಜನಿಗೂ ಬೇಕು ಜವಾರಿ ಹೇಂಟೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆಗಳು. ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ ಮರಳಿ ಬಂದದ್ದು. ಮಳೆ ಕೈಕೊಟ್ಟ ವರ್ಷ ಹೊಲದ ಲೆಕ್ಕ ತಪ್ಪಿದರೂ ಹಿತ್ತಿಲಿನ ನಾಲ್ಕು ಜವಾರಿ ಕೋಳಿಗಳ ಲೆಕ್ಕ ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಆ ಲೆಕ್ಕ ಹೆಚ್ಚಾಗಿ ಹೆಂಗಸರ ಕೈಯಲ್ಲಿರುವುದೂ ಗಮನಿಸಬೇಕಾದ ಸಂಗತಿ.

ಕೋಳಿ ಮನುಷ್ಯನ ಅಂಗಳಕ್ಕೆ ಬಂದದ್ದು ಕಾಳಿನ ಆಸೆಯಿಂದ ಎನ್ನುತ್ತಾರೆ ಸಂಶೋಧಕರು. ಖಚಿತವಾಗಿ ಸಾಕುಕೋಳಿಯದೆಂದು ಅವರು ಒಪ್ಪುವ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ. ಅವುಗಳ ಕಾಲ ಕ್ರಿ.ಪೂ. 1650ರಿಂದ 1250. ಬತ್ತ, ಕಿರುಧಾನ್ಯ ಬೆಳೆಯತೊಡಗಿದ ಊರುಗಳತ್ತ ಕೆಂಪು ಕಾಡುಕೋಳಿ ತಾನಾಗಿ ಸುಳಿದಿರಬೇಕೆಂಬುದು 2022ರಲ್ಲಿ ಪ್ರಕಟವಾದ ಅಧ್ಯಯನದ ಊಹೆ. ಜೋಳದ ಕಣದ ಸುತ್ತ ಕೆದಕುವ ಕೋಳಿಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು.

ಕೆಂಪು ಕಾಡುಕೋಳಿಯೊಂದೇ ಮೂಲವೆಂದು ಡಾರ್ವಿನ್ 1868ರಲ್ಲಿ ಬರೆದಿದ್ದ. ಸಾಕುಕೋಳಿಯ ಹಳದಿ ಕಾಲಿನ ಗುಣ ಮಾತ್ರ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದಿದೆಯೆಂದು 2008ರ ತಳಿಶಾಸ್ತ್ರ ಸಂಶೋಧನೆಯೊಂದು ತೋರಿಸಿತು. ಪಶ್ಚಿಮಘಟ್ಟದ ಕಾಡಿನಲ್ಲಿ ಇಂದಿಗೂ ಕೂಗುವ ಹಕ್ಕಿಯ ಗುರುತು ಹೀಗೆ ಲೋಕದ ಕೋಳಿಗಳ ಕಾಲಿಗೆ ಅಂಟಿದೆ.

ಇನ್ನು ಹುಂಜದ ಪಾಡು ಬೇರೆ. ಅದು ದೇವರ ಪಾಲು, ಇಲ್ಲವೇ ನೆಂಟರ ಪಾಲು. 1209ರ ಜನ್ನನ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟವರೂ ಜನ್ಮಾಂತರಗಳಲ್ಲಿ ತೊಳಲುತ್ತಾರೆ. ಕೋಳಿಬಲಿ ಅಂದಿನ ಜನರಿಗೆ ಪರಿಚಿತವಾಗಿರದಿದ್ದರೆ ಆ ಕತೆ ನಾಟುತ್ತಿತ್ತೇ?

ಜವಾರಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಈ ಕೊರತೆ ನೀಗಲು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡದ್ದೇ 1989ರಲ್ಲಿ ಬಿಡುಗಡೆಯಾದ 'ಗಿರಿರಾಜ'. ಬಣ್ಣದ ಪುಕ್ಕ, ಹಿತ್ತಿಲಲ್ಲೇ ಮೇಯುವ ಜಾಣ್ಮೆ, ಬೇಗ ತುಂಬಿಕೊಳ್ಳುವ ಮೈ. ಮೊಟ್ಟೆಯೂ ಜವಾರಿಯ ಎರಡು ಪಟ್ಟಿಗಿಂತ ಹೆಚ್ಚು. 2005ರಲ್ಲಿ 'ಸ್ವರ್ಣಧಾರಾ' ಬಂತು. ಆದರೆ ಮೊಟ್ಟೆ ಹೆಚ್ಚಾದಂತೆ ಕಾವು ಕೂರುವ ಬುದ್ಧಿ ಕುಗ್ಗುವುದು ಕೋಳಿ ಜಾತಿಯ ಸ್ವಭಾವ. ಕಾವು ಕೂತ ಹೇಂಟೆ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಹೆಚ್ಚು ಮೊಟ್ಟೆಗಾಗಿ ಆರಿಸಿದ ತಳಿಗಳಲ್ಲಿ ಆ ಗುಣವೇ ಸೋರಿಹೋಗುತ್ತದೆ. ಗಿರಿರಾಜವನ್ನಷ್ಟೇ ಸಾಕಿದವರು ಪ್ರತಿಸಲವೂ ದುಡ್ಡು ಕೊಟ್ಟು ಮರಿ ತರಬೇಕು. ಅಲ್ಲಿಗೆ ಹಿತ್ತಿಲ ಕೋಳಿಯ ಸ್ವಾತಂತ್ರ್ಯ ಮುಗಿದಂತೆ.

ಹೊಸದಾಗಿ ಕೋಳಿ ಕಟ್ಟುವವರು ಮೊದಲು ಒಂದೆರಡು ಜವಾರಿ ಹೇಂಟೆ ಸಂಪಾದಿಸಬೇಕೆಂಬುದು ಇದಕ್ಕಾಗಿಯೇ. ಒಂದು ಹೇಂಟೆ ಹತ್ತು ಹನ್ನೆರಡು ಮೊಟ್ಟೆಗೆ ಕಾವು ಕೊಡುತ್ತದೆ. 21 ದಿನಕ್ಕೆ ಮರಿ. ಪೇಟೆಯಿಂದ ತಂದ ಒಂದು ದಿನದ ಮರಿಗಳಿಗಾದರೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಸಿಗುವಂತೆ ಬಲ್ಬು ಉರಿಸಬೇಕು. ವಿದ್ಯುತ್ತು ಹೋದ ರಾತ್ರಿ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುವುದುಂಟು. ತಾಯಿಯ ರೆಕ್ಕೆಗೆ ಈ ತೊಂದರೆಯಿಲ್ಲ.

ನಿಜವಾದ ಶತ್ರು ಮುಂಗುಸಿಯಲ್ಲ, ಕೊಕ್ಕರೆ ರೋಗ. ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ 1920ರ ದಶಕದ ಕೊನೆಗೆ ಗುರುತಿಸಿದ್ದರಿಂದ ಇದಕ್ಕೆ ರಾಣಿಖೇತ ರೋಗವೆಂದೂ ಹೆಸರು. ಕತ್ತು ತಿರುಚಿ, ಹಸಿರು ಬೇಧಿಯಾಗಿ ಕೇರಿಯ ಕೋಳಿಗಳೆಲ್ಲ ವಾರದೊಳಗೆ ಖಾಲಿಯಾಗಬಹುದು. ಮದ್ದಿಲ್ಲ, ಲಸಿಕೆ ಮಾತ್ರ ಉಂಟು: ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು. ತೊಡಕೆಂದರೆ, ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗೋ ಇನ್ನೂ ಹೆಚ್ಚಿಗೋ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಕೆಲವೇ ತಾಸು ಬಾಳುತ್ತದೆ. ಆರು ಕೋಳಿಯವಳೊಬ್ಬಳಿಂದ ಇದು ಆಗದು. ಕೇರಿಯವರೆಲ್ಲ ಒಂದೇ ಸಂಜೆ ಕೋಳಿ ಹಿಡಿದು ಕೊಡಬೇಕು.

ತಳಿಯ ಜಗಳಕ್ಕೆ ಹಳ್ಳಿಯ ಹೆಂಗಸರು ತಮ್ಮದೇ ತೀರ್ಪು ಕೊಟ್ಟಿದ್ದಾರೆ. ಗಿರಿರಾಜನ ಮೊಟ್ಟೆಯನ್ನು ತಂದು ಜವಾರಿ ಹೇಂಟೆಯ ಕೆಳಗಿಡುತ್ತಾರೆ. ಹದ್ದಿನ ನೆರಳು ಬಿದ್ದೊಡನೆ ಅವ್ವ ಕರೆದಲ್ಲಿಗೆ ಮರಿಗಳು ಓಡುತ್ತವೆ. ಎರಡು ತಿಂಗಳಲ್ಲಿ ಅವಳಷ್ಟೇ ದಪ್ಪವಾಗಿ ಬೆಳೆದು ನಿಲ್ಲುತ್ತವೆ.