ಮನೆ ಹೊರಗೆ ಸೌದೆ ಬಾಯ್ಲರ್: ಹಾಕಿಸುವ ಮುನ್ನ ಇದನ್ನು ನೋಡಿ

ಮಲೆನಾಡಿನ ಮನೆಗಳಲ್ಲಿ ಬಚ್ಚಲು ಹಂಡೆಯ ಬದಲು ಸೌದೆ ಬಾಯ್ಲರ್ ಹಾಕಿಸುವವರಿದ್ದಾರೆ. ಬೆಂಕಿ ಹೊರಗೆ, ಬಿಸಿನೀರು ಒಳಗಿನ ನಲ್ಲಿಯಲ್ಲಿ. ಮಳೆಗಾಲದಲ್ಲಿ ಸೋಲಾರ್ ಕೈಕೊಟ್ಟಾಗ, ಕರೆಂಟ್ ಹೋದಾಗ ಇದೇ ಆಸರೆ. ಹಾಗಂತ ಎಲ್ಲ ಮನೆಗೂ ಇದು ಸರಿಹೋಗಲ್ಲ.

ಖರ್ಚು: 20 ಡಿಗ್ರಿಯ 100 ಲೀಟರ್ ನೀರನ್ನು 45 ಡಿಗ್ರಿಗೆ ಕಾಯಿಸಲು ಸುಮಾರು 3 ಯೂನಿಟ್ ಕರೆಂಟ್ ಬೇಕು. ಶಾಖದ ಮುಕ್ಕಾಲು ಪಾಲು ಪೋಲಾಗುತ್ತದೆ ಎಂದುಕೊಂಡರೂ, ಅದೇ ಕೆಲಸಕ್ಕೆ 3 ಕೆಜಿ ಒಣ ಸೌದೆ ಸಾಕು. ತೋಟದಲ್ಲಿ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಒಣ ರೆಂಬೆ ಇದ್ದವರಿಗೆ ಲಾಭ. ಸೌದೆ ಕೊಳ್ಳುವವರು ಎರಡರ ದರ ಹೋಲಿಸಿ ನೋಡಬೇಕು.

ಸೌದೆ: ಹಸಿ ಸೌದೆ ಹೊಗೆ ಜಾಸ್ತಿ, ಕಾವು ಕಮ್ಮಿ. ಬೇಸಿಗೆಯಲ್ಲೇ ಒಣಗಿಸಿ, ಮಳೆ ಹಿಡಿಯುವ ಮೊದಲು ಕೊಟ್ಟಿಗೆ ಸೇರಿಸಬೇಕು. ಪ್ಲಾಸ್ಟಿಕ್ ಸುಡಲೇಬಾರದು.

ಜಾಗ: ಹೊಗೆ ಕೊಳವೆ ಸೂರಿಗಿಂತ ಎತ್ತರ ಇರಲಿ. ಪಕ್ಕದ ಮನೆ ಕಿಟಕಿ ಹತ್ತಿರ ಇದ್ದರೆ ಜಗಳ ಖಚಿತ. ಮಳೆಗೆ ನೆನೆಯುತ್ತದೆಂದು ಬಾಯ್ಲರನ್ನು ಮುಚ್ಚಿದ ಬಚ್ಚಲಿನೊಳಗೆ ಇಡಬೇಡಿ. ಬೆಂಕಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ, ವಾಸನೆ ಇಲ್ಲ, ಜೀವವನ್ನೇ ತೆಗೆಯಬಹುದು.

ಸುರಕ್ಷತೆ: ಉಗಿ ಹೊರಹೋಗುವ ಗಾಳಿ ಪೈಪ್ ಸದಾ ತೆರೆದಿರಬೇಕು. ಅದಕ್ಕೆ ವಾಲ್ವ್ ಹಾಕಿದರೆ, ತುದಿ ಮುಚ್ಚಿದರೆ ಒತ್ತಡ ಏರಿ ಬಾಯ್ಲರ್ ಸಿಡಿಯುವ ಅಪಾಯವಿದೆ. ನೀರು ತುಂಬಿದ ಮೇಲೆಯೇ ಬೆಂಕಿ ಹಾಕಬೇಕು.

ಸ್ವಂತ ಸೌದೆ, ಸಾಕಷ್ಟು ಜಾಗ, ದಿನಾ ಬೆಂಕಿ ಹಾಕಲು ಆಳು. ಈ ಮೂರೂ ಇದ್ದರೆ ಹಾಕಿಸಬಹುದು. ವಯಸ್ಸಾದವರಷ್ಟೇ ಇರುವ ಮನೆಗೆ ಗೀಸರ್ ಅಥವಾ ಸೋಲಾರ್ ಅನುಕೂಲ.