ಕುರಿಯ ಅಂಡಾಶಯದ ಜೀವಕೋಶಗಳೂ ಮೂರು ಆಯಾಮಗಳ ಸಂವರ್ಧನವೂ

ಕಾಗಿನೆಲೆಯಿಂದ ಬ್ಯಾಡಗಿ, ರಾಣೇಬೆನ್ನೂರು, ಹಾವೇರಿಗಳ ಕಡೆಗೆ ಹರಡಿರುವ ಸೀಮೆಯಲ್ಲಿ, ಹಾಲುಮತದ ಪರಂಪರೆಯೊಡನೆ ಕುರಿಸಾಕಣೆಯೂ ಬೆಸೆದುಕೊಂಡಿರುವ ಊರುಗಳಲ್ಲಿ, ಅನುಭವಿಯಾದ ಕುರಿಗಾರನು ತನ್ನ ಹಿಂಡಿನ ಯಾವ ಕುರಿ ಎಷ್ಟನೆಯ ಸೂಲಿನದು, ಯಾವುದು ಅವಳಿ ಈದಿತು, ಯಾವುದು ಬೆದೆಗೆ ಬಾರದೆ ಗೊಡ್ಡಾಗಿ ಉಳಿಯಿತು ಎಂಬುದನ್ನೆಲ್ಲ ಬರಹದ ನೆರವಿಲ್ಲದೆಯೇ ಹೇಳಬಲ್ಲನು. ಈ ಲೆಕ್ಕದ ಹಿಂದಿನ ಶಾರೀರಿಕ ಕಾರಣಗಳು ಬಹುಮಟ್ಟಿಗೆ ಅಂಡಾಶಯದೊಳಗೆ ನಡೆಯತಕ್ಕವು. ಅವುಗಳನ್ನು ಪ್ರಯೋಗಶಾಲೆಯಲ್ಲಿ ಪರಿಶೀಲಿಸುವವನು ಉತ್ತರಿಸಬೇಕಾದ ಪ್ರಶ್ನೆಗಳು ಎರಡು: ಜೀವಕೋಶಗಳನ್ನು ಯಾವ ವಿನ್ಯಾಸದಲ್ಲಿ ಬೆಳೆಸಬೇಕು, ಮತ್ತು ಅವು ಯಾವ ಪ್ರಾಣಿಯಿಂದ ಬಂದವು. ಮೊದಲನೆಯದರ ಬಗೆಗೆ ವಿಪುಲವಾಗಿ ಚರ್ಚೆ ನಡೆದಿದೆ. ಎರಡನೆಯದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಅಂಡಾಣುವನ್ನು ಒಳಗೊಂಡಿರುವ ಕೋಶಿಕೆಯು (ಫಾಲಿಕಲ್) ಆದಿಮಾವಸ್ಥೆಯಲ್ಲಿ ಸುಮಾರು 40 ಮೈಕ್ರೋಮೀಟರಿನಷ್ಟು ಮಾತ್ರವಿದ್ದು, ಕುರಿಯಲ್ಲಿ ಹಲವು ತಿಂಗಳುಗಳ ಬೆಳವಣಿಗೆಯ ಅನಂತರ 5ರಿಂದ 7 ಮಿಲಿಮೀಟರಿನ ದ್ರವಪೂರಿತ ಗೋಳವಾಗುತ್ತದೆ. ನಡುವೆ ಅಂಡಾಣು, ಅದನ್ನು ಸುತ್ತುವರಿದು ಗ್ರ್ಯಾನ್ಯುಲೋಸ ಜೀವಕೋಶಗಳು, ಅವುಗಳಾಚೆ ತೆಳುವಾದ ಆಧಾರಪೊರೆ, ಪೊರೆಯ ಹೊರಗೆ ಥೀಕಾ ಸ್ತರ. ಥೀಕಾ ನಿರ್ಮಿಸಿಕೊಟ್ಟ ಆಂಡ್ರೊಜೆನ್ನನ್ನು ಗ್ರ್ಯಾನ್ಯುಲೋಸವು ಈಸ್ಟ್ರೊಜೆನ್ನಾಗಿ ಪರಿವರ್ತಿಸುತ್ತದೆ. ಅದೇ ಗ್ರ್ಯಾನ್ಯುಲೋಸವು ಅಂಡಾಣುವಿನ ಕವಚವನ್ನು ತೂರಿದ ಸೂಕ್ಷ್ಮ ತಂತುಗಳ ಮೂಲಕ ಅದಕ್ಕೆ ಪೋಷಣೆಯನ್ನೂ ಒದಗಿಸುತ್ತದೆ. ಅಂಡಾಣು ಹೊರಬೀಳುವವರೆಗೆ ರಕ್ತನಾಳಗಳು ಆಧಾರಪೊರೆಯನ್ನು ದಾಟಿ ಒಳಬರುವುದಿಲ್ಲವಾದುದರಿಂದ, ಆಮ್ಲಜನಕವಾಗಲಿ ಹಾರ್ಮೋನುಗಳಾಗಲಿ ಒಳಸ್ತರವನ್ನು ಸೇರುವುದು ವಿಸರಣದಿಂದ ಮಾತ್ರವೇ. ಆದಕಾರಣ ಕೋಶಿಕೆಯ ಆಕಾರವೂ ಸ್ತರಗಳ ಅನುಕ್ರಮವೂ ಅದರ ಕ್ರಿಯೆಯ ಅಂಗಗಳೇ ಆಗಿವೆ.

ಇಂಥ ಜೀವಕೋಶಗಳನ್ನು ಬಿಡಿಸಿ, ಸೀರಂ ಬೆರೆತ ದ್ರವದಲ್ಲಿ, ಪ್ಲಾಸ್ಟಿಕ್ ತಟ್ಟೆಯ ಸಮತಲದ ಮೇಲಿರಿಸಿದರೆ ಅವು ತಟ್ಟಿದ ರೊಟ್ಟಿಯಂತೆ ಹರಡಿಕೊಳ್ಳುತ್ತವೆ. ಕೆಲವು ದಿನಗಳಲ್ಲಿಯೇ ಈಸ್ಟ್ರೊಜೆನ್ ತಯಾರಿಕೆ ಕುಗ್ಗಿ ಪ್ರೊಜೆಸ್ಟರೋನ್ ಹೆಚ್ಚುತ್ತದೆ. ಎಂದರೆ, ಬೆಳೆಯುತ್ತಿರುವ ಕೋಶಿಕೆಯನ್ನು ಅರಿಯಹೊರಟವನ ಕೈಗೆ, ಅಂಡಾಣು ಹೊರಬಿದ್ದ ಮೇಲೆ ಕೋಶಿಕೆಯು ಮಾರ್ಪಟ್ಟು ಆಗುವ ಪೀತಪಿಂಡದ ಜೀವಕೋಶವನ್ನು ಹೋಲುವ ಬೇರೊಂದು ವಸ್ತು ದೊರೆಯುತ್ತದೆ. ಸೀರಮ್ಮನ್ನು ವರ್ಜಿಸಿ ಇನ್ಸುಲಿನ್ ಮುಂತಾದವುಗಳನ್ನು ಮಿತವಾಗಿ ಕೊಟ್ಟರೆ ಸಮತಲದಲ್ಲಿಯೂ ಈ ದೋಷವನ್ನು ತಕ್ಕಮಟ್ಟಿಗೆ ತಡೆಯಬಹುದೆಂದು ಕುರಿ ಮತ್ತು ಹಸುಗಳಲ್ಲಿ 1990ರ ದಶಕದಲ್ಲಿಯೇ ಸಿದ್ಧವಾಗಿದೆ. ಹಳೆಯ ತಟ್ಟೆಯನ್ನು ಸಾರಾಸಗಟಾಗಿ ಹಳಿಯುವ ಇಂದಿನ ರೂಢಿಯನ್ನು ನಾನು ಒಪ್ಪಲಾರೆ.

ಮೂರು ಆಯಾಮಗಳ ವಿಧಾನಗಳಲ್ಲಿ ಅತ್ಯಂತ ಸರಳವಾದುದು ತೂಗುವ ಹನಿ; 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರತಂತುವನ್ನು ಬೆಳೆಸಿ ತೋರಿಸಿದ್ದು ಅದೇ ಉಪಾಯದಿಂದ. ಹನಿಯಲ್ಲಿ ಜೀವಕೋಶಗಳು ತಾವಾಗಿಯೇ ಒಂದುಗೂಡಿ ಗೋಳವಾಗುತ್ತವೆ. ಗೋಳವು ದೊಡ್ಡದಾದಂತೆ ಆಮ್ಲಜನಕ ಒಳಸೇರದೆ ಅದರ ಗರ್ಭದ ಜೀವಕೋಶಗಳು ಸಾಯುವುದರಿಂದ ಗಾತ್ರದ ನಿಯಂತ್ರಣ ಅವಶ್ಯ. ಇಡೀ ಕೋಶಿಕೆಯನ್ನೇ ಬೆಳೆಸಬೇಕಾದಲ್ಲಿ ಕಂದು ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ಹೆಚ್ಚು ಯೋಗ್ಯವಾದುದು: ಅದರ ಹನಿಯನ್ನು ಕ್ಯಾಲ್ಸಿಯಂ ದ್ರಾವಣಕ್ಕೆ ಬಿಟ್ಟೊಡನೆ ಮೃದುವಾದ ಮಣಿಯಾಗುತ್ತದೆ, ಕೋಶಿಕೆಯ ದುಂಡು ಕೆಡುವುದಿಲ್ಲ, ಕಡೆಗೆ ಕಿಣ್ವದಿಂದ ಮಣಿಯನ್ನು ಕರಗಿಸಿ ಕೋಶಿಕೆಯನ್ನು ಹೊರತೆಗೆಯಲೂಬಹುದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವುಡ್ರಫ್ ಮತ್ತು ಶೀ ಅವರ ತಂಡವು ಹೀಗೆ ಬೆಳೆಸಿದ ಚಿಕ್ಕಿಲಿಯ ಕೋಶಿಕೆಗಳಿಂದ ಜೀವಂತ ಮರಿಗಳು ಹುಟ್ಟಿದುದನ್ನು 2006ರಲ್ಲಿ ವರದಿಮಾಡಿತು. ಚಿಕ್ಕಿಲಿಯ ಗಂತಿಯಿಂದ ತೆಗೆದ ಮ್ಯಾಟ್ರಿಜೆಲ್ ಜನಪ್ರಿಯವಾಗಿದ್ದರೂ ಅದರಲ್ಲಿ ಬೆಳವಣಿಗೆಯ ಅಂಶಗಳು ಮೊದಲೇ ಬೆರೆತಿರುವುದರಿಂದಲೂ ತಯಾರಿಕೆಯ ಸರದಿಯಿಂದ ಸರದಿಗೆ ಸಂಯೋಜನೆ ವ್ಯತ್ಯಾಸವಾಗುವುದರಿಂದಲೂ ಹಾರ್ಮೋನಿನ ಅಧ್ಯಯನಕ್ಕೆ ಅದು ತಕ್ಕ ಆಧಾರವಲ್ಲ. ಚಿಕ್ಕಿಲಿಯ ಕೋಶಿಕೆ ಅರ್ಧ ಮಿಲಿಮೀಟರಿಗೆ ಪಕ್ವವಾದರೆ ಕುರಿಯದು ಅದರ ಹತ್ತುಪಟ್ಟು ಹಿಗ್ಗಬೇಕಾದುದರಿಂದ, ಅಲ್ಲಿಯ ಜೆಲ್ಲಿನ ಸಾಂದ್ರತೆಯನ್ನೂ ಅವಧಿಯನ್ನೂ ಇಲ್ಲಿಗೆ ಹಾಗೆಯೇ ತಂದುಕೊಳ್ಳುವಂತಿಲ್ಲ. ಶಾಖವನ್ನೂ ಮೆಲುಕುಹಾಕುವ ಪ್ರಾಣಿಗಳ ಮೈಬಿಸಿಗೆ ಅನುಗುಣವಾಗಿ 38.5 ಡಿಗ್ರಿ ಸೆಲ್ಸಿಯಸ್‌ನಲ್ಲಿರಿಸುವುದು ವಾಡಿಕೆ.

ನಮ್ಮ ಪ್ರದೇಶಕ್ಕೆ ನೇರವಾಗಿ ಸಂಬಂಧಿಸಿದ ಪ್ರಶ್ನೆಯೊಂದು ಮೂರು ಆಯಾಮಗಳ ವಿಧಾನಕ್ಕಾಗಿ ಕಾದಿದೆ. ದಖನಿ ಕುರಿ ಸಾಮಾನ್ಯವಾಗಿ ಈಯುವುದು ಒಂದೇ ಮರಿಯನ್ನು. ಮಹಾರಾಷ್ಟ್ರದ ಫಲಟಣದ ನಿಂಬಕರ್ ಕೃಷಿ ಸಂಶೋಧನ ಸಂಸ್ಥೆಯು ಬಂಗಾಳದ ಗರೋಲ್ ತಳಿಯಲ್ಲಿರುವ ಬಹುಪ್ರಸವದ ಜೀನನ್ನು ದಖನಿ ಹಿಂಡಿಗೆ ತಂದು ಸುವರ್ಣ ಎಂಬ ತಳಿಯನ್ನು ರೂಪಿಸಿತು. ಆ ಜೀನು ಗ್ರ್ಯಾನ್ಯುಲೋಸದಲ್ಲಿಯೂ ಇರುವ ಒಂದು ಗ್ರಾಹಕ ಪ್ರೋಟೀನಿನ ವಿಕೃತಿಯೆಂದು 2001ರಲ್ಲಿ ಗೊತ್ತಾಯಿತು. ಅದುಳ್ಳ ಕುರಿಗಳ ಕೋಶಿಕೆಗಳು ಚಿಕ್ಕ ಗಾತ್ರದಲ್ಲಿಯೇ, ಹೆಚ್ಚಿನ ಸಂಖ್ಯೆಯಲ್ಲಿ ಪಕ್ವವಾಗುತ್ತವೆ. ಗಾತ್ರಕ್ಕೂ ಪಕ್ವತೆಗೂ ಇರುವ ಈ ಸಂಬಂಧವನ್ನು, ಗಾತ್ರವೆಂಬುದೇ ಇಲ್ಲದ ಸಮತಲದ ಪದರದಲ್ಲಿ ಪೂರ್ಣವಾಗಿ ಪರೀಕ್ಷಿಸುವುದೆಂತು?

1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ಕಸಾಯಿಖಾನೆಯಿಂದ ತಂದ ಎಮ್ಮೆ ಹಾಗೂ ಕುರಿಗಳ ಅಂಡಾಶಯಗಳ ಮೇಲೆ ಕೋಶಿಕೆಯ ಸಂವರ್ಧನ ನಡೆದಿದೆ. ಕಸಾಯಿಖಾನೆಯ ಅಂಡಾಶಯವು ಪ್ರಾಣಿಯನ್ನು ಇದಕ್ಕಾಗಿಯೇ ಕೊಲ್ಲದೆ ದೊರೆಯುವ ದ್ರವ್ಯವೆಂಬುದು ಅದರ ಗುಣ. ಸಂತೆಯಿಂದ ಸಂತೆಗೆ ಕೈಬದಲಾಯಿಸಿ ಬಂದ ಕುರಿಯ ತಳಿ, ಸೂಲು, ಮೇವುಗಳ ವೃತ್ತಾಂತ ಅದರೊಡನೆ ಬಾರದಿರುವುದು ಅದರ ದೋಷ. ಟಗರಿಗೆ ಬಿಡುವ ಮೊದಲಿನ ವಾರಗಳ ಮೇವಿನಿಂದಲೇ ಬಿಡುಗಡೆಯಾಗುವ ಅಂಡಾಣುಗಳ ಸಂಖ್ಯೆ ವ್ಯತ್ಯಾಸವಾಗುವಾಗ, ಈ ವೃತ್ತಾಂತವನ್ನು ಬಿಟ್ಟು ಜೆಲ್ಲಿನ ಸಾಂದ್ರತೆಯನ್ನು ಮಾತ್ರ ದಶಮಾಂಶದವರೆಗೆ ಬರೆದಿಡುವುದರಲ್ಲಿ ಔಚಿತ್ಯ ಕಾಣದು. ಅಂಡಾಶಯಗಳು ಕೆಲವೇ ಗಂಟೆಗಳೊಳಗೆ ಲವಣಜಲದಲ್ಲಿ ಪ್ರಯೋಗಶಾಲೆಯನ್ನು ಸೇರಬೇಕಾದುದರಿಂದ, ಹಾವೇರಿಯ ಸೀಮೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕು ದೂರದ ಬೆಂಗಳೂರಿಗಿಂತ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೇ ಅನುಕೂಲ. ಅಲ್ಲಿಗೆ ಅಂಡಾಶಯವನ್ನು ಕಳುಹಿಸುವ ವೈದ್ಯರು ಪ್ರತಿಯೊಂದು ಸೀಸೆಯ ಚೀಟಿಯಲ್ಲಿ ತಳಿ, ಸೂಲು, ಮೈಕಟ್ಟು, ಋತು, ಪೀತಪಿಂಡಗಳ ಸಂಖ್ಯೆ ಇವಿಷ್ಟನ್ನು ಕುರಿಗಾರನನ್ನು ಕೇಳಿಯೂ ಕಣ್ಣಾರೆ ನೋಡಿಯೂ ಗುರುತುಹಾಕಬೇಕೆಂದು ವಿನಂತಿ.